ಇಟಲಿಯ ಹಳೆ ಹೂದಾನಿ ಕೊಳ್ಳುವಾಗ ಮೊದಲು ತಳ ನೋಡಿ

ಹಳೆಯ ಇಟಾಲಿಯನ್ ಹೂದಾನಿ ಕೈಗೆ ಬಂದಾಗ ಅದರ ಚಿತ್ತಾರವನ್ನು ಆಮೇಲೆ ನೋಡಿದರಾಯಿತು. ಮೊದಲು ದಪ್ಪ ಟವಲ್ ಮೇಲೆ ಮಲಗಿಸಿ ತಳ ನೋಡಬೇಕು. ನಕಲು ಮಾಡುವವರು ಬಣ್ಣ, ಬಳ್ಳಿ, ಹಕ್ಕಿ, ಹಿಡಿಯ ತಿರುವು ಎಲ್ಲವನ್ನೂ ಶ್ರದ್ಧೆಯಿಂದಲೇ ಮಾಡುತ್ತಾರೆ. ಆ ಶ್ರದ್ಧೆ ತಳದವರೆಗೆ ಇಳಿಯುವುದು ಅಪರೂಪ. ಮೈಸೂರಿನಲ್ಲಿ ಇಂಥ ಹೂದಾನಿ ಸಿಗುವ ದಾರಿ ಮೂರು: ಲಕ್ಷ್ಮೀಪುರಂ, ಚಾಮರಾಜಪುರಂ, ಜಯಲಕ್ಷ್ಮೀಪುರಂ ಕಡೆ ಹಳೆ ಮನೆ ಖಾಲಿ ಮಾಡುವಾಗ ಹೊರಬೀಳುವ ಸಾಮಾನು, ಹಳೆ ಮೇಜು ಕುರ್ಚಿ ಮಾರುವ ಅಂಗಡಿಗಳು, ಮತ್ತೆ ಆನ್‌ಲೈನ್. ಮೂರು ಕಡೆಯೂ ‘ಇಟಾಲಿಯನ್ ಆಂಟಿಕ್’ ಅನ್ನುವ ಮಾತು ಧಾರಾಳವಾಗಿ ಕೇಳುತ್ತದೆ, ಆ ಮಾತಿಗೆ ತಕ್ಕ ಮಾಲು ಕಡಿಮೆ.

ವ್ಯಾಪಾರದಲ್ಲಿ ಆಂಟಿಕ್ ಅಂದರೆ 100 ವರ್ಷ ದಾಟಿದ್ದು. ಅದಕ್ಕಿಂತ ಈಚಿನ, ಆದರೆ ಹೊಸದಲ್ಲದ್ದನ್ನು ವಿಂಟೇಜ್ ಅನ್ನುತ್ತಾರೆ. ದಿನಾ ಹೂವಿಡಬೇಕು, ಮಕ್ಕಳು ಓಡಾಡುವ ಹಾಲ್‌ನಲ್ಲೇ ಇರಬೇಕು ಅಂದರೆ 1950–70ರ ನಡುವಿನ ವಿಂಟೇಜ್ ತೆಗೆದುಕೊಳ್ಳಿ ಅನ್ನುವುದು ನಮ್ಮ ಖಚಿತ ಸಲಹೆ. ನಿಜವಾದ ಹಳೆ ಮಯೋಲಿಕಾ ಗಾಜಿನ ಬೀರುವಿನಲ್ಲಿ ಒಣಗಿಯೇ ಇರಬೇಕಾದ ವಸ್ತು. ಕಾರಣ ಅದನ್ನು ಮಾಡುವ ಕ್ರಮದಲ್ಲೇ ಇದೆ.

ಮಯೋಲಿಕಾ ಅಂದರೆ ತವರದ ಬಿಳಿ ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಹೊದ್ದ ಜೇಡಿಮಣ್ಣಿನ ಸಾಮಾನು. ತಿಗರಿಯಲ್ಲಿ ಎಬ್ಬಿಸಿದ ಅಥವಾ ಅಚ್ಚಿನಲ್ಲಿ ಒತ್ತಿದ ಹೂದಾನಿಯನ್ನು ಮೊದಲು ಒಂದು ಸಲ ಸುಡುತ್ತಾರೆ. ಆಮೇಲೆ ಸೀಸದ ಗ್ಲೇಜ್‌ಗೆ ತವರದ ಆಕ್ಸೈಡ್ ಬೆರೆಸಿ ಅದರಲ್ಲಿ ಅದ್ದುತ್ತಾರೆ. ಆ ಲೇಪ ಇನ್ನೂ ಪುಡಿಯಾಗಿ, ಬಿಳಿಚಿಕೊಂಡು ಇರುವಾಗಲೇ ಮೇಲೆ ಕುಂಚ ಆಡಬೇಕು. ಕೋಬಾಲ್ಟ್‌ನಿಂದ ನೀಲಿ, ತಾಮ್ರದಿಂದ ಹಸಿರು, ಆಂಟಿಮನಿಯಿಂದ ಹಳದಿ, ಕಬ್ಬಿಣದಿಂದ ಕಿತ್ತಳೆ, ಮ್ಯಾಂಗನೀಸ್‌ನಿಂದ ನೇರಳೆ ಬೆರೆತ ಕಂದು. ಹಸಿ ಗ್ಲೇಜ್ ಬಣ್ಣವನ್ನು ತಕ್ಷಣ ಹೀರಿಕೊಳ್ಳುತ್ತದೆ, ಹಾಗಾಗಿ ಎಳೆದ ಗೆರೆಯನ್ನು ಅಳಿಸಿ ತಿದ್ದಲು ಬರುವುದಿಲ್ಲ. ಎರಡನೇ ಸಲ ಆವಿಗೆಗೆ ಹೋದಾಗ ಬಣ್ಣ ಗ್ಲೇಜ್‌ನೊಳಕ್ಕೆ ಇಳಿದು ಕೂರುತ್ತದೆ.

ಚಿನ್ನದ ಅಂಗಡಿಯವರು ಬಳಸುವ 10 ಪಟ್ಟಿನ ಭೂತಗನ್ನಡಿ ಹಿಡಿದು ನೋಡಿದರೆ ಇದೆಲ್ಲ ಕಾಣುತ್ತದೆ. ಕುಂಚ ಇಟ್ಟ ಕಡೆ ಬಣ್ಣ ದಟ್ಟ, ಎತ್ತಿದ ಕಡೆ ತೆಳು. ನೀಲಿಯ ಅಂಚು ಒಂದಿಷ್ಟು ಬಿಳಿಯೊಳಕ್ಕೆ ಹರಿದಿರುತ್ತದೆ. ಒಂದೇ ಅಳತೆಯ ಸಣ್ಣ ಚುಕ್ಕೆಗಳು ಸಾಲಾಗಿ ಕಂಡರೆ ಅದು ಅಂಟಿಸಿದ ಮುದ್ರಿತ ಚಿತ್ರ, ಅಲ್ಲಿಗೆ ಮಾತು ಮುಗಿಯಿತು. ಬಣ್ಣ ಗ್ಲೇಜ್‌ನ ಮೇಲೆ ದಪ್ಪಗೆ ಕೂತು ಉಗುರಿಗೆ ಸಿಗುತ್ತಿದ್ದರೆ ಆಮೇಲೆ ಯಾರೋ ಬಳಿದಿರಬಹುದು.

ಗ್ಲೇಜ್ ಕೆಳಗಿನ ಮಣ್ಣು ನೀರು ಕುಡಿಯುವ ಮಣ್ಣು. ನಮ್ಮ ಮನೆಗಳ ಉಪ್ಪಿನಕಾಯಿ ಜಾಡಿ ಹಾಗಲ್ಲ. ಅದು ಹೆಚ್ಚು ಕಾವಿನಲ್ಲಿ ಬೆಂದು ಒಳಗೆಲ್ಲ ಗಟ್ಟಿಯಾದ ಸ್ಟೋನ್‌ವೇರ್, ಮೇಲಿನ ಹೊಳಪು ಕಿತ್ತರೂ ವರ್ಷಗಟ್ಟಲೆ ಉಪ್ಪುನೀರು ತಡೆಯುತ್ತದೆ. ಮಯೋಲಿಕಾದಲ್ಲಿ ನೀರು ತಡೆಯುವುದು ಗ್ಲೇಜ್ ಒಂದೇ. ಆ ಗ್ಲೇಜ್‌ನಲ್ಲಿ ಕಾಲಕ್ರಮೇಣ ಬಲೆಬಲೆಯಾಗಿ ಸಣ್ಣ ಬಿರುಕು ಬೀಳುತ್ತದೆ, ಏಕೆಂದರೆ ಗ್ಲೇಜ್ ಮತ್ತು ಮಣ್ಣು ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ, ಮಣ್ಣು ಗಾಳಿಯ ತೇವ ಹೀರಿ ವರ್ಷ ಕಳೆದಂತೆ ಕೂದಲೆಳೆಯಷ್ಟು ಹಿಗ್ಗುತ್ತಲೂ ಇರುತ್ತದೆ. ಬಿರುಕಿನಲ್ಲಿ ನೀರಿಳಿದರೆ ಕಂದು ಕಲೆ. ಅದರ ಜೊತೆ ಬೋರ್‌ವೆಲ್ ನೀರಿನ ಲವಣವೂ ಇಳಿದರೆ ಇನ್ನೂ ಕೆಟ್ಟದು: ನೀರು ಆರಿದ ಮೇಲೆ ಲವಣ ಹರಳುಗಟ್ಟಿ ಗ್ಲೇಜ್ ಅನ್ನು ಒಳಗಿನಿಂದ ನೂಕುತ್ತದೆ, ಚಕ್ಕೆ ಏಳುತ್ತದೆ. ಹಳೆ ಹೂದಾನಿಯ ಕೆಳಭಾಗದಲ್ಲಿ ಬಿಳಿ ಪುಡಿ ಕಂಡರೆ ಈ ಕೆಲಸ ಶುರುವಾಗಿದೆ ಎಂದು ತಿಳಿಯಿರಿ, ಬೆಲೆ ಎಷ್ಟೇ ಇಳಿಸಿದರೂ ಬೇಡ.

ಊರುಗಳ ಹೆಸರು ಗೊತ್ತಿದ್ದರೆ ಮಾರುವವರ ಜೊತೆ ಮಾತಾಡಲು ಅನುಕೂಲ. ಫಾಯೆಂಜಾ, ದೆರೂತಾ, ಮೊಂಟೆಲುಪೊ, ಉರ್ಬಿನೊ, ಅಬ್ರುಜ್ಜೊ ಸೀಮೆಯ ಕಾಸ್ತೆಲ್ಲಿ, ಸಿಸಿಲಿಯ ಕಾಲ್ತಜಿರೋನೆ, ಸಮುದ್ರದಂಡೆಯ ವಿಯೆತ್ರಿ ಸುಲ್ ಮಾರೆ. 16ನೇ ಶತಮಾನದ ಅಸಲಿ ತುಣುಕುಗಳು ವಸ್ತುಸಂಗ್ರಹಾಲಯದಲ್ಲೋ ದೊಡ್ಡ ಹರಾಜಿನಲ್ಲೋ ಇರುತ್ತವೆ, ನಮ್ಮ ಬೀದಿಯ ಅಂಗಡಿಯಲ್ಲಲ್ಲ. ಹೊರಗೆ ಓಡಾಡುವುದು ಹೆಚ್ಚಾಗಿ 19ನೇ ಶತಮಾನದಲ್ಲಿ ಹಳೆ ಮಾದರಿಗಳಿಗೆ ಮರುಜೀವ ಕೊಟ್ಟ ಕಾಲದವು: ಹಳೆ ಔಷಧಿ ಜಾಡಿಯ ಆಕಾರದ, ನಡುವು ಸಣ್ಣಗಾದ ಅಲ್ಬರೆಲ್ಲೊ, ಎರಡು ಹಿಡಿಯ ದೊಡ್ಡ ಹೂದಾನಿಗಳು. ಇವನ್ನು ನಕಲು ಎಂದು ಕಡೆಗಣಿಸಬೇಡಿ. ಫ್ಲಾರೆನ್ಸ್‌ನ ಕಾಂತಗಲ್ಲಿ ಕಾರ್ಖಾನೆ ಹಳೆ ಮಾದರಿಗಳನ್ನೇ ಮಾಡಿ, ತಳದಲ್ಲಿ ತನ್ನ ಹುಂಜದ ಗುರುತು ಹಾಕುತ್ತಿತ್ತು. ಆ ಹುಂಜ ಕುಂಚದ ಎರಡು ಮೂರು ಎಳೆತದಲ್ಲಿ ಮೂಡಿರುತ್ತದೆ. ರಬ್ಬರ್ ಮುದ್ರೆಯ ಹುಂಜ ಕಂಡರೆ ಅನುಮಾನಿಸಿ.

ಕಾಪೊದಿಮೊಂತೆ ಎಂಬ ಪಿಂಗಾಣಿಯ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು. ನೇಪಲ್ಸ್‌ನ ಆ ಅರಮನೆ ಕಾರ್ಖಾನೆಯನ್ನು 1743ರಲ್ಲಿ ಬೂರ್ಬೊನ್ ವಂಶದ ದೊರೆ ಚಾರ್ಲ್ಸ್ ಶುರು ಮಾಡಿದ. 1759ರಲ್ಲಿ ಅವನು ಸ್ಪೇನಿನ ದೊರೆಯಾಗಿ ಹೊರಟಾಗ ಕಾರ್ಖಾನೆಯನ್ನೂ ಕರೆದೊಯ್ದ. ಅವನ ಮಗ ಆಮೇಲೆ ನೇಪಲ್ಸ್‌ನಲ್ಲಿ ಮತ್ತೆ ಆರಂಭಿಸಿದ ಕಾರ್ಖಾನೆಯ ಗುರುತು ಕಿರೀಟದ ಕೆಳಗೆ ‘ಎನ್’ ಅಕ್ಷರ. ಆ ಗುರುತನ್ನು 19 ಮತ್ತು 20ನೇ ಶತಮಾನದಲ್ಲಿ ಇಟಲಿಯ, ಜರ್ಮನಿಯ ಎಷ್ಟೋ ಕಾರ್ಖಾನೆಗಳು ಹಾಕಿಕೊಂಡವು. ಉಬ್ಬು ಗುಲಾಬಿ, ದೇವದೂತ ಮಕ್ಕಳು, ಚಿನ್ನದ ಅಂಚು ಇರುವ ಹೂದಾನಿಯ ತಳದಲ್ಲಿ ಕಿರೀಟ ಇದ್ದಮಾತ್ರಕ್ಕೆ ಅದು ಹಳೆಯದಾಗುವುದಿಲ್ಲ. ಅಂದಹಾಗೆ ಅದು ಪಿಂಗಾಣಿ, ಮಯೋಲಿಕಾ ಅಲ್ಲ: ದೀಪಕ್ಕೆ ಹಿಡಿದರೆ ತೆಳು ಭಾಗದಲ್ಲಿ ಬೆಳಕು ಹಾಯುತ್ತದೆ. ನಮ್ಮ ಹಳೆ ಬಂಗಲೆಗಳಿಂದ ಬರುವ, ಎಲೆ, ಚಿಪ್ಪು, ಹಣ್ಣು ಉಬ್ಬಿ ನಿಂತ ದಟ್ಟ ಹಸಿರು ಕಂದು ಬಣ್ಣದವು ಹೆಚ್ಚಾಗಿ ಇಂಗ್ಲಿಷ್ ಮಜೋಲಿಕಾ. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಮಿಂಟನ್ ಕಂಪನಿ ತೋರಿಸಿದ ಬಗೆ ಅದು. ಬಣ್ಣ ಬೆರೆತ ಸೀಸದ ಗ್ಲೇಜ್, ತವರದ ಬಿಳಿ ಅದರಲ್ಲಿಲ್ಲ. ಚೆಂದದ ವಸ್ತುವೇ, ಆದರೆ ಇಟಲಿಯ ಬೆಲೆ ಕೊಡಬೇಡಿ.

ಈಗ ನಾವು ಮನೆಗೆ ಸಲಹೆ ಕೊಟ್ಟ 1950–70ರ ವಿಂಟೇಜ್ ಕಾಲಕ್ಕೆ ಬರೋಣ. ಮೊಂಟೆಲುಪೊ ಫಿಯೊರೆಂತಿನೊದ ಬಿತೊಸ್ಸಿ ಕಾರ್ಖಾನೆ 1921ರಲ್ಲಿ ಶುರುವಾಯಿತು. 1946ರಲ್ಲಿ ಅಲ್ಡೊ ಲೊಂಡಿ ಕಲಾ ನಿರ್ದೇಶಕರಾಗಿ ಬಂದ ಮೇಲೆ ಅಲ್ಲಿಂದ ಹೊರಟ ಹೂದಾನಿಗಳು ಲೋಕವನ್ನೆಲ್ಲ ಸುತ್ತಿವೆ. ಅವುಗಳಲ್ಲಿ ರಿಮಿನಿ ಬ್ಲೂ ಬಗೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಮಣ್ಣು ಹಸಿಯಿರುವಾಗ ಸಣ್ಣ ಸಣ್ಣ ಮುದ್ರೆಗಳನ್ನು ಒಂದೊಂದಾಗಿ ಕೈಯಲ್ಲಿ ಒತ್ತಿದ್ದಾರೆ: ವೃತ್ತ, ಗೆರೆ, ಎಲೆಯ ಹಾಗಿನ ಮೊನೆ, ಸಾಲು ಸಾಲಾಗಿ. ಒಂದು ಗುರುತು ಆಳ, ಪಕ್ಕದ್ದು ಮೇಲುಮೇಲೆ. ಕೆಲವು ಕಡೆ ಮುದ್ರೆ ವಾಲಿ ಒಂದು ಅಂಚು ಮಾತ್ರ ಗಟ್ಟಿಯಾಗಿ ಕೂತಿದೆ. ಸುತ್ತು ಮುಗಿಯುವ ಜಾಗದಲ್ಲಿ ಕೊನೆಯ ಎರಡು ಗುರುತುಗಳ ನಡುವೆ ಅಂತರ ಹೆಚ್ಚುಕಮ್ಮಿಯಾಗಿದೆ. ಆ ಹಳ್ಳಗಳಲ್ಲಿ ಗ್ಲೇಜ್ ನಿಂತು ಕಡುನೀಲಿಯಾಗಿದೆ, ಏಣುಗಳಿಂದ ಜಾರಿ ಹಸಿರುನೀಲಿಯಾಗಿದೆ. ಅಸಲಿ ಹೂದಾನಿಯಿಂದಲೇ ಅಚ್ಚು ತೆಗೆದು ಮಾಡಿದ ನಕಲಿನಲ್ಲಿ ಎಲ್ಲ ಗುರುತೂ ಒಂದೇ ಆಳ, ಅಂಚು ಮೊಂಡು, ಮೈಯ ಎರಡು ಬದಿಯಲ್ಲಿ ಅಚ್ಚಿನ ಜೋಡಣೆ ಗೆರೆ ಗುರುತುಗಳನ್ನು ಸೀಳಿಕೊಂಡು ಹೋಗಿರುತ್ತದೆ. ಬೆರಳು ಸವರಿದರೆ ಸಾಕು. ಬಿತೊಸ್ಸಿ ಇಂದಿಗೂ ರಿಮಿನಿ ಬ್ಲೂ ಮಾಡುತ್ತಿದೆ ಎಂಬುದೂ ನೆನಪಿರಲಿ. ಅಸಲಿ ಆದರೂ ಹಳೆಯದಾಗಿರಬೇಕಿಲ್ಲ.

ಅದೇ ಕಾಲದ ಸೆರಾಮಿಕ್ ಕಲಾವಿದರಾದ ಗ್ವಿದೊ ಗಾಂಬೊನೆ, ಮಾರ್ಚೆಲ್ಲೊ ಫಾಂತೋನಿ ಅವರ ಸಹಿ ಇರುವವು ಕಲಾಕೃತಿಯ ಬೆಲೆಗೆ ಹೋಗುತ್ತವೆ. ಮೊಂಟೆಲುಪೊದ ಫಾಂಚುಲ್ಲಾಚ್ಚಿ ಹೂದಾನಿಗಳು ಅಷ್ಟು ಹೆಸರಿಲ್ಲದಿದ್ದರೂ ಮನೆಗೆ ಒಳ್ಳೆಯ ಆಯ್ಕೆ.

ಈ ಕಾಲದ ರಫ್ತು ಮಾಲಿನ ತಳದಲ್ಲಿ ಕಾರ್ಖಾನೆಯ ಹೆಸರು ಇಲ್ಲದಿರುವುದೇ ಹೆಚ್ಚು. ಕುಂಚದಲ್ಲಿ ಬರೆದ ಮಾದರಿ ಸಂಖ್ಯೆ, ಜೊತೆಗೆ ‘ಇಟಲಿ’ ಎಂಬ ಇಂಗ್ಲಿಷ್ ಪದ, ಅಷ್ಟೇ. ಅಮೆರಿಕಕ್ಕೆ ಮಾಲು ತರಿಸುತ್ತಿದ್ದ ರೇಮೊರ್, ರೋಸೆಂಥಾಲ್ ನೆಟರ್ ಕಂಪನಿಗಳು ಕಾಗದದ ಚೀಟಿ ಅಂಟಿಸುತ್ತಿದ್ದವು, ತೊಳೆದಾಗ ಅವು ಹೋಗಿಬಿಡುತ್ತವೆ. ದೇಶದ ಹೆಸರು ಬರೆಯಬೇಕೆಂಬ ಅಮೆರಿಕದ ನಿಯಮ 1891ರಿಂದ ಜಾರಿಗೆ ಬಂತು. ಹಾಗಾಗಿ ‘17ನೇ ಶತಮಾನದ್ದು’ ಎಂದು ಹೇಳುವ ಹೂದಾನಿಯ ತಳದಲ್ಲಿ ಇಂಗ್ಲಿಷಿನಲ್ಲಿ ದೇಶದ ಹೆಸರಿದ್ದರೆ ಮರುಮಾತಿಲ್ಲದೆ ಕೆಳಗಿಡಿ. ಇನ್ನು ಕಿತ್ತಳೆ, ಕಪ್ಪು ಗ್ಲೇಜ್ ಲಾವಾರಸದ ಹಾಗೆ ಉಕ್ಕಿ ಹೆಪ್ಪುಗಟ್ಟಿದ ದಪ್ಪ ಹೂದಾನಿಗಳು, ತಳದಲ್ಲಿ ಅಚ್ಚಿನಿಂದಲೇ ಉಬ್ಬಿದ ಅಂಕಿಗಳು ಇರುವವು, ಬಹುಪಾಲು ಪಶ್ಚಿಮ ಜರ್ಮನಿಯವು. ಇಟಲಿಯದೆಂದು ತಪ್ಪಾಗಿ ಮಾರಾಟವಾಗುವವುಗಳಲ್ಲಿ ಇವೂ ಇವೆ.

ತಳದ ಸವೆತ ಓದುವುದು ಹೇಗೆ? ತಳದಲ್ಲಿ ಬಳೆಯಂತೆ ಎದ್ದು ಮೇಜಿಗೆ ತಾಗುವ ಏಣು ಮಾತ್ರ ನುಣುಪಾಗಿ ಸವೆದಿರಬೇಕು, ಗೀರುಗಳು ಎಲ್ಲ ದಿಕ್ಕಿಗೂ ಇರಬೇಕು. ಬಳೆಯ ಒಳಗಿನ ತಗ್ಗು ಮೇಜಿಗೆ ತಾಗುವುದೇ ಇಲ್ಲ, ಅಲ್ಲಿ ಧೂಳು ಕೂರುತ್ತದೆ, ಗೀರು ಬೀಳುವುದಿಲ್ಲ. ಒಳಗೂ ಹೊರಗೂ ಒಂದೇ ಸಮ ಉಜ್ಜಿದ್ದರೆ, ಗೀರುಗಳೆಲ್ಲ ಒಂದೇ ದಿಕ್ಕಿಗಿದ್ದರೆ ಉಪ್ಪುಕಾಗದದ ಕೆಲಸ. ಬಿರುಕಿನ ಬಲೆಗೆ ಚಹಾ ಡಿಕಾಕ್ಷನ್ ಅಥವಾ ಬೂಟ್ ಪಾಲಿಶ್ ತುಂಬಿ ಹಳತು ಮಾಡುವುದೂ ಉಂಟು. ಆಗ ಕಂದು ಬಣ್ಣ ಬಾಯಿಂದ ತಳದವರೆಗೆ ಒಂದೇ ತೆರನಾಗಿರುತ್ತದೆ. ನಿಜವಾದ ಕಲೆ ನೀರು ನಿಲ್ಲುತ್ತಿದ್ದ ಮಟ್ಟದ ಕೆಳಗೆ, ಕೈ ತಾಗುತ್ತಿದ್ದ ಕಡೆ, ಚಕ್ಕೆ ಎದ್ದ ಸುತ್ತ ಮಾತ್ರ ದಟ್ಟ. ಬಾಯಿಯ ಅಂಚಿನಲ್ಲಿ ಗ್ಲೇಜ್ ತೆಳುವಾಗಿರುವುದರಿಂದ ಹಳೆ ಮಯೋಲಿಕಾದಲ್ಲಿ ಅಲ್ಲಿ ಸಣ್ಣ ಚಕ್ಕೆಗಳು ಸಹಜ. ಅವಕ್ಕೆ ಹೆದರಬೇಕಿಲ್ಲ. ಮೂರು ನೂರು ವರ್ಷದ್ದೆಂದು ಹೇಳುವ ಹೂದಾನಿಯ ಬಾಯಿ ಪೂರ್ತಿ ಸುತ್ತ ಕೊರತೆಯಿಲ್ಲದೆ ಇದ್ದರೆ, ಒಂದೋ ಅದು ಹೊಸದು, ಇಲ್ಲವೇ ಬಾಯಿಯನ್ನು ಮತ್ತೆ ಕಟ್ಟಿದ್ದಾರೆ.

ರಿಪೇರಿ ಪತ್ತೆಗೆ ನಾಲ್ಕು ಕೆಲಸ ಮಾಡಿ. ಹೂದಾನಿಯನ್ನು ಮೆತ್ತನೆಯ ಬಟ್ಟೆಯ ಮೇಲೆ ನಿಲ್ಲಿಸಿ ಬೆರಳ ಗೆಣ್ಣಿನಿಂದ ಮೆಲ್ಲಗೆ ಸುತ್ತಲೂ ತಟ್ಟಿ. ಜೇಡಿಮಣ್ಣಿನ ನಾದ ಪಿಂಗಾಣಿಯಷ್ಟು ಖಣಖಣ ಅನ್ನುವುದಿಲ್ಲ, ಆದರೆ ಎಲ್ಲ ಕಡೆ ಒಂದೇ ಇರಬೇಕು, ಒಂದು ಕಡೆ ಸತ್ತ ಸದ್ದು ಬಂದರೆ ಅಲ್ಲಿ ಸೀಳಿದೆ. ಕೈಯಿಂದ ಸವರಿ, ಗ್ಲೇಜ್ ತಣ್ಣಗಿರುತ್ತದೆ, ರಾಳದ ತೇಪೆ ಅಷ್ಟು ತಣ್ಣಗಿರುವುದಿಲ್ಲ, ಸೂಜಿಮೊನೆ ಇಟ್ಟರೆ ಸ್ವಲ್ಪ ಕಚ್ಚುತ್ತದೆ. ಕೋಣೆ ಕತ್ತಲು ಮಾಡಿ 365 ನ್ಯಾನೋಮೀಟರಿನ ಯುವಿ ಟಾರ್ಚ್ ಬಿಡಿ. ಅಂಟು, ವಾರ್ನಿಷ್, ಮರುಬಣ್ಣ ಹಾಕಿದ ಜಾಗ ಬಿಳಿಚು ನೀಲಿಯಾಗಿಯೋ ಹಳದಿಯಾಗಿಯೋ ಸುತ್ತಲಿಗಿಂತ ಬೇರೆ ಹೊಳೆಯುತ್ತದೆ. ಕೆಲವು ಈಚಿನ ಬಣ್ಣಗಳು ಹೊಳೆಯದಂತೆ ಮಾಡಿರುತ್ತಾರೆ, ಅದಕ್ಕೇ ಟಾರ್ಚ್ ಒಂದನ್ನೇ ನಂಬಬಾರದು. ಕೊನೆಯದು, ಸಾಮಾನ್ಯ ಟಾರ್ಚನ್ನು ಬಾಯೊಳಗೆ ಇಳಿಸಿ ಒಳಮೈ ನೋಡಿ. ಹೊರಗೆ ಮುಚ್ಚಿದ ಬಿರುಕನ್ನು ಒಳಗೆ ಮುಚ್ಚುವ ಕಷ್ಟ ತೆಗೆದುಕೊಳ್ಳುವವರು ವಿರಳ. ಹಿಡಿ ಮೈಗೆ ಕೂಡುವ ಮೇಲಿನ ಸಂದು ಮತ್ತು ಕಂಠದ ಬುಡ, ಈ ಎರಡು ಕಡೆ ಎರಡು ಸಲ ನೋಡಿ. ಸಣ್ಣ ಚಕ್ಕೆಯ ರಿಪೇರಿ ತೊಂದರೆಯಿಲ್ಲ. ಹಿಡಿ ಮುರಿದು ಅಂಟಿಸಿದ್ದರೆ ಬೀರುವಿಗೆ ಸರಿ. ತಳದಿಂದ ಮೇಲೇರುವ ಬಿರುಕಿದ್ದರೆ ಬಿಟ್ಟುಬಿಡಿ.

ತಳದಲ್ಲಿ ತೂತಿದ್ದರೆ ಅದು ಒಂದು ಕಾಲಕ್ಕೆ ಟೇಬಲ್ ಲ್ಯಾಂಪ್ ಆಗಿತ್ತು. ಕಾರ್ಖಾನೆಯಲ್ಲೇ ಲ್ಯಾಂಪ್‌ಗಾಗಿ ಮಾಡಿದ್ದಾದರೆ ತೂತಿನ ಅಂಚು ನಯವಾಗಿರುತ್ತದೆ, ಗ್ಲೇಜ್ ಒಳಕ್ಕೆ ಇಳಿದಿರುತ್ತದೆ. ಆಮೇಲೆ ಕೊರೆದಿದ್ದರೆ ಸುತ್ತ ಚಕ್ಕೆ ಎದ್ದು ಹಸಿ ಮಣ್ಣಿನ ಬಣ್ಣ ಕಾಣುತ್ತದೆ, ಬೆಲೆ ಗಟ್ಟಿಯಾಗಿ ಇಳಿಸಿ ಕೇಳಬೇಕು. ಮತ್ತೆ ಲ್ಯಾಂಪ್ ಮಾಡಿಸುವ ಯೋಚನೆ ಇದ್ದವರಿಗೆ ಇದು ಒಳ್ಳೆಯ ಚೌಕಾಸಿ.

ಇಡುವ ಜಾಗವನ್ನು ಮೊದಲೇ ಅಳೆದುಕೊಂಡು ಹೋಗಿ. ಊಟದ ಮೇಜಿನ ಮೇಲೆ ಹೂವೂ ಸೇರಿ 35 ಸೆಂಟಿಮೀಟರ್ ಮೀರಿದರೆ ಎದುರು ಕೂತವರ ಮುಖ ಕಾಣುವುದಿಲ್ಲ. ಗೋಡೆಗೆ ಒತ್ತಿದ ಕನ್ಸೋಲ್ ಮೇಜಿನ ಮೇಲೆ 30ರಿಂದ 40 ಸೆಂಟಿಮೀಟರ್ ಹೂದಾನಿ ಚೆನ್ನ. ಮೈಸೂರಿನ ಹಳೆ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೂ ಬೀಟೆಮರದ ಪೀಠಕ್ಕೂ ರಿಮಿನಿ ಬ್ಲೂ ನೀಲಿ ಹೊಂದುವಷ್ಟು ದೆರೂತಾದ ಹಳದಿ ಹೊಂದುವುದಿಲ್ಲ. ಬಿಳಿ ವಿಟ್ರಿಫೈಡ್ ಟೈಲ್ಸ್ ಹಾಕಿದ ಹೊಸ ಫ್ಲಾಟ್‌ಗೆ ಹಳದಿ, ಕಿತ್ತಳೆ ಮಯೋಲಿಕಾ ಜೀವ ತುಂಬುತ್ತದೆ. ಬಿಸಿಲಿಗೆ ಮಯೋಲಿಕಾ ಬಣ್ಣ ಮಾಸುವುದಿಲ್ಲ, ಆದರೆ ರಿಪೇರಿಯ ಬಣ್ಣ ಹಳದಿಗಟ್ಟುತ್ತದೆ, ಹಾಗಾಗಿ ರಿಪೇರಿಯಾದದ್ದನ್ನು ಕಿಟಕಿಯಿಂದ ದೂರ ಇಡಿ. ಗಾಳಿಗೆ ಬಡಿದುಕೊಳ್ಳುವ ಬಾಗಿಲಿನ ಪಕ್ಕ, ಪರದೆ ಹಾರಿ ತಾಗುವ ಜಾಗ, ಫ್ರಿಜ್ ತಲೆಯ ಮೇಲೆ ಬೇಡ. ಎತ್ತರದ, ಸಣ್ಣ ತಳದ ಹೂದಾನಿಯೊಳಗೆ ತೊಳೆದು ಒಣಗಿಸಿದ ಮರಳನ್ನು ಜಿಪ್ ಚೀಲದಲ್ಲಿ ತುಂಬಿ ಇಳಿಸಿ. 35 ಸೆಂಟಿಮೀಟರಿನದಕ್ಕೆ ಅರ್ಧ ಕಿಲೋ ಸಾಕು. ಮರಳನ್ನು ನೇರವಾಗಿ ಸುರಿದರೆ ಗ್ಲೇಜ್ ಗೀರುತ್ತದೆ. ಎತ್ತುವಾಗ ಒಂದು ಕೈ ತಳಕ್ಕೆ, ಒಂದು ಕೈ ಮೈಗೆ. ಹಿಡಿ ಇರುವುದು ನೋಡಲು ಮಾತ್ರ ಎಂದೇ ತಿಳಿಯಿರಿ.

ಹೂವಿಗೆ ಮೊದಲು ಸೋರಿಕೆ ನೋಡಿ: ವಿಂಟೇಜ್ ಹೂದಾನಿಯಲ್ಲಿ ಮೂರನೇ ಒಂದು ಭಾಗ ನೀರು ತುಂಬಿ, ಕೆಳಗೆ ಪತ್ರಿಕೆ ಹಾಸಿ 24 ಗಂಟೆ ಬಿಡಿ. ಕಾಗದದ ಮೇಲೆ ಬಳೆಯಾಕಾರದ ತೇವ ಮೂಡಿದರೆ ಬೀಟೆ, ತೇಗದ ಮೇಲೆ ಬಿಳಿ ಕಲೆ ಗ್ಯಾರಂಟಿ. ಪರೀಕ್ಷೆ ಪಾಸಾದರೂ ಒಳಗೆ ಗಾಜಿನ ಲೋಟವನ್ನೋ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನೋ ಇಳಿಸಿ ಅದರಲ್ಲೇ ನೀರಿಡುವುದು ಒಳ್ಳೆಯದು. ಲೋಟ ಇಳಿಯದಷ್ಟು ಕಂಠ ಸಣ್ಣದಾದರೆ ಒಣ ಕಡ್ಡಿ, ಒಣ ಹುಲ್ಲು ಇಡಿ. ನೀರು ಕಾವೇರಿಯದೋ ಆರ್‌ಒದೋ ಇರಲಿ, ಬೋರ್ ನೀರು ಬೇಡ. ಎರಡು ದಿನಕ್ಕೊಮ್ಮೆ ಬದಲಾಯಿಸಿ. ದೇವರಾಜ ಮಾರುಕಟ್ಟೆಯಿಂದ ತಂದ ಸುಗಂಧರಾಜದ ಹತ್ತು ಹನ್ನೆರಡು ಕಡ್ಡಿಗೆ 6–7 ಸೆಂಟಿಮೀಟರ್ ಬಾಯಿ ಬೇಕು. ಹೂವು ಹೊರಗೆ ಕಾಣುವ ಎತ್ತರ ಹೂದಾನಿಯ ಒಂದರಿಂದ ಒಂದೂವರೆ ಪಟ್ಟು ಇರಲಿ, ಅದಕ್ಕಿಂತ ಹೆಚ್ಚಾದರೆ ತಲೆಭಾರವಾಗಿ ಉರುಳುತ್ತದೆ. ಸೀಸದ ಗ್ಲೇಜ್ ಇರುವುದರಿಂದ ಕುಡಿಯುವ ನೀರು, ಹುಣಸೆರಸ, ತಿಂಡಿ ಯಾವುದನ್ನೂ ಇದರಲ್ಲಿ ಇಡಬಾರದು.

ತೊಳೆಯಲು ಪ್ಲಾಸ್ಟಿಕ್ ಟಬ್‌ಗೆ ಟವಲ್ ಹಾಸಿ, ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೌಮ್ಯ ಲಿಕ್ವಿಡ್ ಸೋಪು ಸಾಕು. ಹಿತ್ತಾಳೆ ಬೆಳಗುವ ಹುಣಸೆಹಣ್ಣು, ನಿಂಬೆ, ಬೂದಿ ಹತ್ತಿರವೂ ಬರಬಾರದು. ಹುಳಿ ಸೀಸದ ಗ್ಲೇಜ್ ತಿನ್ನುತ್ತದೆ, ಬೂದಿ ಗೀರುತ್ತದೆ. ಬ್ಲೀಚ್ ಹಾಕಿದರೆ ಬಿರುಕಿನೊಳಗೆ ಉಳಿದು ಆಮೇಲೆ ಅದೇ ಲವಣದ ಕಾಟ. ರಿಪೇರಿಯಾದ ಹೂದಾನಿಯನ್ನು ನೆನೆಸಲೇಬೇಡಿ, ಹಳೆ ಅಂಟು ಕರಗುತ್ತದೆ. ಒದ್ದೆ ಹತ್ತಿಯಿಂದ ಒರೆಸಿ. ಒರಗಿಸದೆ ಬಾಯಿ ಮೇಲಾಗಿ ನಿಲ್ಲಿಸಿ ಎರಡು ದಿನ ನೆರಳಲ್ಲಿ ಒಣಗಿಸಿ, ಮಳೆಗಾಲದಲ್ಲಿ ಇನ್ನೂ ಎರಡು ದಿನ.

ಆನ್‌ಲೈನ್‌ನಲ್ಲಿ ಕೊಳ್ಳುವಾಗ ತಳ, ಬಾಯೊಳಗು, ಹಿಡಿಯ ಸಂದು, ನಾಲ್ಕೂ ಬದಿ, ಜೊತೆಗೆ ಪಕ್ಕದಿಂದ ಓರೆ ಬೆಳಕು ಬಿಟ್ಟು ತೆಗೆದ ಒಂದು ಚಿತ್ರ ಕೇಳಿ; ತಟ್ಟಿದ ಸದ್ದಿನ ವಿಡಿಯೊವನ್ನೂ ಕೇಳಿ. ಇಟಲಿಯಿಂದ ನೇರವಾಗಿ ತರಿಸುವುದಾದರೆ 70 ವರ್ಷ ದಾಟಿದ ವಸ್ತುಗಳಿಗೆ ಅಲ್ಲಿನ ರಫ್ತು ಕಾಗದದ ನಿಯಮ ಇದೆ, ಅದನ್ನು ಮಾರುವವರೇ ಮಾಡಿಸಬೇಕು ಎಂದು ಹಣ ಕಳಿಸುವ ಮೊದಲೇ ಬರೆಸಿಕೊಳ್ಳಿ. ಕಸ್ಟಮ್ಸ್‌ನ ಸುಂಕಪಟ್ಟಿಯಲ್ಲಿ 100 ವರ್ಷ ದಾಟಿದ ಆಂಟಿಕ್ 9706ರ ಶೀರ್ಷಿಕೆಯಲ್ಲಿ, ಅಲಂಕಾರದ ಸೆರಾಮಿಕ್ 6913ರಲ್ಲಿ ಬರುತ್ತದೆ, ಆದ್ದರಿಂದ ಬಿಲ್‌ನಲ್ಲಿ ವಸ್ತುವಿನ ಕಾಲ ಸ್ಪಷ್ಟವಾಗಿರಲಿ. ಆ ಕಾಗದಗಳನ್ನು ಎಸೆಯಬೇಡಿ: 1972ರ ಪುರಾವಸ್ತು ಕಾಯಿದೆಯ ಪ್ರಕಾರ 100 ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ, ಮುಂದೆ ಮಕ್ಕಳ ಜೊತೆ ವಿದೇಶಕ್ಕೆ ಒಯ್ಯಬೇಕೆಂದರೆ ಅದು ಅಷ್ಟು ಹಳೆಯದಲ್ಲ ಎಂದು ತೋರಿಸಬೇಕಾಗುತ್ತದೆ.

ಪ್ಯಾಕಿಂಗ್ ಎರಡು ಪೆಟ್ಟಿಗೆಯದೇ ಆಗಬೇಕು. ಒಳಗೆ ಮೆತ್ತನೆಯ ಕಾಗದ ತುಂಬಿ, ಹಿಡಿಗಳಿಗೆ ಬೇರೆಯಾಗಿ ಬಬಲ್ ಸುತ್ತಿ, ಆಮೇಲೆ ಇಡೀ ಹೂದಾನಿಗೆ 5 ಸೆಂಟಿಮೀಟರ್ ದಪ್ಪ ಬರುವಷ್ಟು ಸುತ್ತಿ ಒಂದು ಪೆಟ್ಟಿಗೆ. ಅದರ ಸುತ್ತ ಆರೂ ಕಡೆ 7–8 ಸೆಂಟಿಮೀಟರ್ ತುಂಬುಗೆ ಇಟ್ಟು ಇನ್ನೊಂದು. ಹಿಡಿಯ ಕಿಂಡಿಯೊಳಗೆ ಗಟ್ಟಿಯಾಗಿ ಕಾಗದ ತುರುಕಿದರೆ ದಾರಿಯಲ್ಲಿ ಕುಲುಕಿದಾಗ ಅದೇ ಹಿಡಿಯನ್ನು ಹೊರಕ್ಕೆ ನೂಕಿ ಮುರಿಯುತ್ತದೆ, ಸಡಿಲವಾಗಿರಲಿ. ಪೆಟ್ಟಿಗೆ ಮನೆಗೆ ಬಂದಾಗ ಟೇಪ್ ಕತ್ತರಿಸುವ ಮೊದಲಿಂದ ವಿಡಿಯೊ ಮಾಡಿ, ತೆಗೆದು ತಳ, ಬಾಯಿ, ಸಂದು ಮತ್ತೆ ಟಾರ್ಚ್ ಬಿಟ್ಟು ನೋಡಿ. ಅದು ಮುಗಿಯುವವರೆಗೆ ಪೆಟ್ಟಿಗೆ, ಬಬಲ್, ಕಾಗದ ಯಾವುದನ್ನೂ ಗುಜರಿಗೆ ಹಾಕಬೇಡಿ. ಒಡೆದ ಮಾಲಿನ ಹಣ ವಾಪಸ್ ಕೇಳುವಾಗ ಕೊರಿಯರ್‌ನವರು ಮೊದಲು ಕೇಳುವುದು ಅವನ್ನೇ.